ಉಕ್ಕಿನ ಪೆಟ್ಟಿಗೆಯೊಳಗೆ ಮಳೆ

ಸಮುದ್ರದ ಒಂದು ಹನಿಯೂ ಒಳಗೆ ಬಂದಿರುವುದಿಲ್ಲ. ಆದರೂ ಹಡಗೇರಿದ ಸರಕು ನೆನೆದು ಬೂಸ್ಟು ಹಿಡಿಯುತ್ತದೆ. ಆ ನೀರು ಬರುವುದಾದರೂ ಎಲ್ಲಿಂದ? ಮಲೆನಾಡಿನ ಕಾಫಿ ಕಣಕ್ಕೂ ಅದಕ್ಕೂ ಇರುವ ನಂಟೇನು?

1980ರ ದಶಕದ ಆರಂಭದ ಮಾತು. ಕಲ್ಕತ್ತೆಯಲ್ಲಿ ತಯಾರಾದ ಚರ್ಮದ ಕೈಗವಸುಗಳು ಕಂಟೇನರುಗಳಲ್ಲಿ ಹಡಗೇರಿ ಹಾಲೆಂಡಿನ ರಾಟರ್‌ಡ್ಯಾಮ್ ಬಂದರು ಸೇರಿದವು. ಬಾಗಿಲು ತೆರೆದು ನೋಡಿದರೆ ಕೈಗವಸುಗಳು ಒದ್ದೆಯಾಗಿದ್ದವು. ಎಲ್ಲೆಲ್ಲೂ ಕಲೆ, ಬೂಸ್ಟು. ಒಂದಲ್ಲ, ನಾಲ್ಕು ಬಾರಿ ಕಳಿಸಿದ ಸರಕಿನದೂ ಇದೇ ಕತೆ. ಕೊಂಡ ಸಂಸ್ಥೆ ವಿಮೆ ಮಾಡಿಸಿತ್ತು. ಆದರೆ ವಿಮೆಗಾರರು ಹಣ ಕೊಡಲೊಪ್ಪದೆ ವ್ಯಾಜ್ಯ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿ ನ್ಯಾಯಾಧೀಶರ ಮುಂದಿದ್ದ ಪ್ರಶ್ನೆ ನೋಡಲು ಬಹಳ ಸರಳ: ಈ ನೀರು ಎಲ್ಲಿಯದು?

ಉತ್ತರ ಮಾತ್ರ ಅಚ್ಚರಿಯದು. ಅದು ಕಡಲ ನೀರಲ್ಲ, ಮಳೆಯ ನೀರೂ ಅಲ್ಲ. ಕೈಗವಸುಗಳು ಕಲ್ಕತ್ತೆಯ ತೇವದ ಹವೆಯಲ್ಲಿ ತಾವೇ ಹೀರಿಕೊಂಡಿದ್ದ ನೀರು! ದಾರಿಯಲ್ಲಿ ಅದು ಆವಿಯಾಗಿ ಮೇಲೇರಿ, ಕಂಟೇನರಿನ ತಣ್ಣನೆಯ ಸೂರಿಗೆ ತಾಗಿ ಹನಿಯಾಗಿ, ಮತ್ತೆ ಕೈಗವಸುಗಳ ಮೇಲೆಯೇ ಸುರಿದಿತ್ತು. ಹಡಗು ವ್ಯವಹಾರದವರು ಇದನ್ನು 'ಕಂಟೇನರ್ ಮಳೆ' ಎನ್ನುತ್ತಾರೆ.

ಬುತ್ತಿ ಡಬ್ಬಿಯ ಪಾಠ

ಈ ಮಳೆಯನ್ನು ನೋಡಲು ಬಂದರಿಗೆ ಹೋಗಬೇಕಿಲ್ಲ. ಬೆಳಿಗ್ಗೆ ಬಿಸಿ ಚಪಾತಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಮಕ್ಕಳನ್ನು ಶಾಲೆಗೆ ಕಳಿಸಿದರೆ ಸಾಕು. ಮಧ್ಯಾಹ್ನ ತೆರೆದಾಗ ಮುಚ್ಚಳದ ಒಳಮೈ ತುಂಬ ನೀರಿನ ಹನಿಗಳು; ಮೇಲಿನ ಚಪಾತಿ ಮೆತ್ತಗಾಗಿ ಅಂಟಂಟು. ಡಬ್ಬಿಗೆ ಯಾರೂ ನೀರು ಹಾಕಿರಲಿಲ್ಲ. ಚಪಾತಿಯಲ್ಲಿದ್ದ ನೀರೇ ಆವಿಯಾಗಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಗಟ್ಟಿತು, ಅಷ್ಟೆ.

ಗಾಳಿ ಬಿಸಿಯಾಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹೊರಬಲ್ಲದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಇಟ್ಟುಕೊಳ್ಳುತ್ತದೆ. 10 ಡಿಗ್ರಿಗೆ ಇಳಿದರೆ ಅದರ ಶಕ್ತಿ ಕೇವಲ 9 ಗ್ರಾಂ. ಉಳಿದ 21 ಗ್ರಾಂ ನೀರಾಗಿ ಹೊರಬೀಳಲೇಬೇಕು. ಯಾವ ಉಷ್ಣತೆಗೆ ಇಳಿದಾಗ ಗಾಳಿಯಿಂದ ನೀರು ಹನಿಯತೊಡಗುತ್ತದೋ ಅದೇ 'ಇಬ್ಬನಿ ಬಿಂದು'. ಚಳಿಗಾಲದ ಬೆಳಿಗ್ಗೆ ಹುಲ್ಲಿನ ಮೇಲೆ ಕೂರುವ ಇಬ್ಬನಿಗೂ, ಮಂಜುಗಡ್ಡೆ ಹಾಕಿದ ಲೋಟದ ಹೊರಮೈ ಬೆವರುವುದಕ್ಕೂ ಇದೇ ಕಾರಣ.

ಕಂಟೇನರ್ ಎಂದರೆ ಒಂದು ದೊಡ್ಡ ಬುತ್ತಿ ಡಬ್ಬಿ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಉದ್ಯಮಿ 58 ಲೋಹದ ಪೆಟ್ಟಿಗೆಗಳನ್ನು 'ಐಡಿಯಲ್ ಎಕ್ಸ್' ಹಡಗಿನಲ್ಲಿ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಸಾಗಿಸಿದಂದು ಈ ಯುಗ ಶುರುವಾಯಿತು. ಕಳ್ಳತನ ಕಡಿಮೆಯಾಯಿತು, ಮೂಟೆ ಹೊರುವ ಖರ್ಚು ಇಳಿಯಿತು. ಆದರೆ ಹಿಂದೆ ಹಡಗಿನ ಉಗ್ರಾಣದಲ್ಲಿ ಮೂಟೆಗಳ ಮೇಲೆ ಆಡುತ್ತಿದ್ದ ಗಾಳಿ ಈ ಪೆಟ್ಟಿಗೆಯೊಳಗೆ ಆಡದು. ಹಳೆಯ ಕಾಲದ ನಾವಿಕರು ಹೊರಗಿನ ಹವೆ ನೋಡಿ ಉಗ್ರಾಣದ ಗಾಳಿಕಂಡಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು. ಮೊಹರು ಬಿದ್ದ ಕಂಟೇನರಿಗೆ ಅಂಥ ಉಪಚಾರವಿಲ್ಲ. ಬಾಗಿಲು ಹಾಕಿದ ಗಳಿಗೆಯಲ್ಲಿ ಒಳಗೆ ಎಷ್ಟು ನೀರಿತ್ತೋ ಹೆಚ್ಚುಕಡಿಮೆ ಅಷ್ಟೂ ಜೊತೆಯಲ್ಲೇ ಪ್ರಯಾಣ ಮಾಡುತ್ತದೆ.

ಎರಡು ಟ್ಯಾಂಕು ನೀರು!

ಎಷ್ಟು ನೀರು? ಲೆಕ್ಕ ಹಾಕಿ ನೋಡಬಹುದು. 20 ಅಡಿ ಉದ್ದದ ಕಂಟೇನರಿನ ಒಳಜಾಗ ಸುಮಾರು 33 ಘನ ಮೀಟರ್. ಅದು ಖಾಲಿಯಿದ್ದು, 30 ಡಿಗ್ರಿ ಉಷ್ಣತೆಯ ಗಾಳಿ ಅದರಲ್ಲಿ ತನ್ನ ಶಕ್ತಿಯಿರುವಷ್ಟೂ ನೀರಾವಿ ಹೊತ್ತಿದ್ದರೂ ಒಟ್ಟು ನೀರು ಒಂದು ಲೀಟರಿನಷ್ಟೇ. ಇಷ್ಟರಿಂದ ಮಳೆ ಬರುವುದಿಲ್ಲ.

ಈಗ ಅದರಲ್ಲಿ 60 ಕಿಲೋ ತೂಕದ 300 ಕಾಫಿ ಮೂಟೆಗಳನ್ನು ಪೇರಿಸಿದ್ದಾರೆ ಎನ್ನಿ. ಒಟ್ಟು 18 ಟನ್. ಕೈಗೆ ಒಣಗಿದಂತೆ ಕಾಣುವ ಕಾಫಿ ಬೀಜದಲ್ಲೂ ಶೇ. 12ರಷ್ಟು ತೇವಾಂಶವಿರಬಹುದು. ಅಂದರೆ 2,160 ಕಿಲೋ ನೀರು! ಮನೆಯ ತಾರಸಿಯ ಮೇಲೆ ಕೂರುವ ಸಾವಿರ ಲೀಟರಿನ ಟ್ಯಾಂಕು ಎರಡು ತುಂಬಿ ಮಿಗುವಷ್ಟು. ಇದರಲ್ಲಿ ಶೇ. 1ರಷ್ಟು ಬೀಜದ ತೂಕದ ನೀರು ಹೊರಬಂದರೂ 180 ಲೀಟರು, ಹತ್ತಿರ ಹತ್ತಿರ ಹನ್ನೆರಡು ಕೊಡ. ಕಾಫಿಯಷ್ಟೇ ಅಲ್ಲ, ಅಕ್ಕಿ, ಮೆಣಸು, ಗೋಡಂಬಿ, ಹತ್ತಿ, ಚರ್ಮ, ಸೆಣಬು, ಮರ, ರಟ್ಟಿನ ಪೆಟ್ಟಿಗೆ ಎಲ್ಲವೂ ತಮ್ಮ ಮೈಯಲ್ಲಿ ನೀರನ್ನು ಇಟ್ಟುಕೊಂಡೇ ಇರುತ್ತವೆ. ಸುತ್ತಲಿನ ಗಾಳಿ ಒಣಗಿದ್ದರೆ ನೀರು ಬಿಡುತ್ತವೆ, ತೇವವಾಗಿದ್ದರೆ ಹೀರುತ್ತವೆ.

ಹಗಲು ಬಿಸಿ, ರಾತ್ರಿ ತಂಪು

ಹಡಗಿನ ಮೇಲ್ಗಡೆ ಪೇರಿಸಿದ ಕಂಟೇನರಿನ ಸೂರು ಹಗಲು ಬಿಸಿಲಿಗೆ ಕೆಂಡದಂತೆ ಕಾಯುತ್ತದೆ. ಮೇಲಿನ ಸಾಲಿನ ಮೂಟೆಗಳು ಬಿಸಿಯಾಗಿ ನೀರಾವಿ ಬಿಡುತ್ತವೆ. ರಾತ್ರಿ ಅದೇ ಉಕ್ಕಿನ ಸೂರು ಬೇಗ ತಣಿಯುತ್ತದೆ. ಒಳಗಿನ ಗಾಳಿ 30 ಡಿಗ್ರಿಯಲ್ಲಿದ್ದು, ಹೊರಬಲ್ಲ ನೀರಾವಿಯಲ್ಲಿ ಶೇ. 65ರಷ್ಟನ್ನು ಹೊತ್ತಿದ್ದರೆ ಅದರ ಇಬ್ಬನಿ ಬಿಂದು ಸುಮಾರು 23 ಡಿಗ್ರಿ. ಸೂರು ಅದಕ್ಕಿಂತ ತಣ್ಣಗಾದರೆ ಸಾಕು, ಹನಿಗಟ್ಟಲು ಶುರು. ಮರುದಿನ ಮತ್ತೆ ಬಿಸಿಲು, ಮತ್ತೆ ಆವಿ, ಮತ್ತೆ ಹನಿ. ಹೀಗೆ ದಿನವೂ ಸ್ವಲ್ಪ ಸ್ವಲ್ಪ ನೀರು ಮೂಟೆಗಳಿಂದ ಸೂರಿಗೆ, ಸೂರಿನಿಂದ ಮೇಲಿನ ಮೂಟೆಗಳಿಗೆ ಸಾಗುತ್ತದೆ. ಒಟ್ಟು ನೀರು ಹೆಚ್ಚಾಗಿರುವುದಿಲ್ಲ. ಎಲ್ಲೆಡೆ ಹರಡಿದ್ದದ್ದು ಒಂದೆಡೆ ಸೇರಿರುತ್ತದೆ. ಬೂಸ್ಟಿಗೆ ಬೇಕಾದದ್ದೂ ಅಷ್ಟೇ.

ಕೊನೆಯ ಹಂತ ಇನ್ನೂ ಕೆಟ್ಟದು. ಕರ್ನಾಟಕದಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಆರಂಭವಾದರೆ ರೋಬಸ್ಟಾ ಕೊಯ್ಲು ಜನವರಿಯ ನಂತರವೂ ನಡೆಯುತ್ತದೆ. ಹೊಸ ಬೆಳೆಯ ಮೊದಲ ಮೂಟೆಗಳು ಮಂಗಳೂರಿನ ಸೆಖೆಯಿಂದ ಹೊರಟು ಯುರೋಪನ್ನು ತಲುಪುವಾಗ ಅಲ್ಲಿ ಕೊರೆಯುವ ಚಳಿ. ಉಕ್ಕಿನ ಗೋಡೆ ಕೂಡಲೇ ತಣಿಯುತ್ತದೆ. ಆದರೆ ನಡುವಿನ ಮೂಟೆಗಳು ದಿನಗಟ್ಟಲೆ ಬೆಚ್ಚಗೇ ಇರುತ್ತವೆ. ಬೆಚ್ಚನೆಯ ಒಡಲು, ತಣ್ಣನೆಯ ಸೂರು: ಮಳೆಗೆ ಇದಕ್ಕಿಂತ ಹದವಾದ ವಾತಾವರಣ ಇನ್ನೊಂದಿಲ್ಲ.

ಬೂಸ್ಟು ಬಂದರೆ ಒರೆಸಿ ಬಳಸಿದರಾಯಿತು ಎನ್ನುವಂತಿಲ್ಲ. ಕೆಲವು ಬೂಸ್ಟುಗಳು 'ಆಕ್ರಟಾಕ್ಸಿನ್ ಎ' ಎಂಬ ವಿಷವನ್ನು ಉತ್ಪಾದಿಸುತ್ತವೆ. ಇದು ಮೂತ್ರಪಿಂಡಕ್ಕೆ ಹಾನಿಕರ. ಹುರಿದರೂ ಪೂರ್ತಿ ನಾಶವಾಗದು. ಹುರಿದ ಕಾಫಿಯಲ್ಲಿ ಇದು ಕಿಲೋಗೆ 5 ಮೈಕ್ರೋಗ್ರಾಂ ಮೀರಬಾರದು ಎಂದಿದ್ದ ಯುರೋಪಿನ ಒಕ್ಕೂಟ, 2023ರ ಜನವರಿಯಿಂದ ಆ ಮಿತಿಯನ್ನು 3ಕ್ಕೆ ಇಳಿಸಿದೆ. ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವುದು ಕರ್ನಾಟಕ. ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಹೀಗಾಗಿ ಈ ನಿಯಮದ ಬಿಸಿ ಚಿಕ್ಕಮಗಳೂರು, ಕೊಡಗು, ಹಾಸನಗಳ ತೋಟಗಳವರೆಗೂ ತಾಗುತ್ತದೆ.

ತೇವದಿಂದಲೇ ರುಚಿ ಬಂದಾಗ

ಕಡಲ ತೇವ ಮತ್ತು ಕಾಫಿಯ ಸಂಬಂಧದಲ್ಲಿ ಒಂದು ಸೋಜಿಗದ ಅಧ್ಯಾಯವೂ ಇದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮುನ್ನ ಮಲಬಾರ್ ಕರಾವಳಿಯಿಂದ ಹೊರಟ ಹಾಯಿ ಹಡಗುಗಳು ಆಫ್ರಿಕದ ತುದಿಯ ಗುಡ್ ಹೋಪ್ ಭೂಶಿರವನ್ನು ಸುತ್ತಿ ಯುರೋಪ್ ಸೇರಲು ತಿಂಗಳುಗಟ್ಟಲೆ ಬೇಕಿತ್ತು. ಮರದ ಹಡಗಿನ ಒಡಲಲ್ಲಿ ಕಡಲ ಗಾಳಿಯ ತೇವ ಕುಡಿದ ಬೀಜ ಉಬ್ಬಿ, ಹಸಿರು ಬಣ್ಣ ಹೋಗಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಹುಳಿ ಇಳಿದು ರುಚಿ ಮೆದುವಾಗುತ್ತಿತ್ತು. ಅಲ್ಲಿನ ಜನ ಅದಕ್ಕೇ ಮನಸೋತಿದ್ದರು. ಉಗಿ ಹಡಗು ಬಂದು, ಕಾಲುವೆಯೂ ತೆರೆದು ಪ್ರಯಾಣ ಚಿಕ್ಕದಾದಾಗ ಆ ರುಚಿ ಮಾಯವಾಯಿತು!

ಕೊನೆಗೆ ವ್ಯಾಪಾರಿಗಳು ಸಮುದ್ರದ ಕೆಲಸವನ್ನು ದಡದಲ್ಲೇ ಮಾಡಲು ಕಲಿತರು. ಮಂಗಳೂರು ಕಡೆಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ಬೀಜವನ್ನು ತೆಳುವಾಗಿ ಹರಡಿ, ಪಡುವಣ ಗಾಳಿಗೆ ಒಡ್ಡಿ, ಆಗಾಗ ಕೈಯಾಡಿಸಿ, ಮೂಟೆಗಳಲ್ಲಿ ಸಡಿಲವಾಗಿ ತುಂಬಿ ಮತ್ತೆ ಗಾಳಿಗೆ ಇಡುತ್ತಾರೆ. ಇದೇ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ 'ಮಾನ್ಸೂನ್ಡ್ ಮಲಬಾರ್' ಕಾಫಿ. ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ, ರಫ್ತಾಗುವ ಕಾಫಿಯ ತೇವಾಂಶ ಶೇ. 8ಕ್ಕಿಂತ ಕಡಿಮೆಯಾಗಲೀ ಶೇ. 12.5ಕ್ಕಿಂತ ಹೆಚ್ಚಾಗಲೀ ಇರಬಾರದು ಎಂದು ಗೊತ್ತುಮಾಡಿದಾಗಲೂ ಭಾರತದ ಈ ಕಾಫಿಗೆ ವಿನಾಯಿತಿ ಇಟ್ಟಿತು.

ಹಾಗಾದರೆ ಕಂಟೇನರಿನಲ್ಲಿ ನೆನೆದದ್ದೇಕೆ ಕೆಟ್ಟದ್ದು? ಗೋದಾಮಿನಲ್ಲಿ ತೇವ ಪ್ರತಿ ಬೀಜಕ್ಕೂ ಸಮನಾಗಿ, ನಿಧಾನವಾಗಿ, ಗಾಳಿಯಾಟದೊಂದಿಗೆ, ಮನುಷ್ಯರ ಕಣ್ಗಾವಲಿನಲ್ಲಿ ಸೇರುತ್ತದೆ. ಕಂಟೇನರಿನಲ್ಲಿ ಅದು ಕೆಲವೇ ಮೂಟೆಗಳ ಮೇಲೆ, ಗಾಳಿಯಿಲ್ಲದ ಕತ್ತಲಲ್ಲಿ, ಯಾರೂ ನೋಡದಿರುವಾಗ ಸುರಿಯುತ್ತದೆ. ನೀರು ಒಂದೇ, ಹದ ಬೇರೆ.

ಇತಿಹಾಸ ತಿರುಗಿ ಬರುವುದೂ ಉಂಟು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಶುರುವಾದ ಮೇಲೆ 2024ರಲ್ಲಿ ಅನೇಕ ಹಡಗುಗಳು ಸೂಯೆಜ್ ಬಿಟ್ಟು ಮತ್ತೆ ಗುಡ್ ಹೋಪ್ ಭೂಶಿರವನ್ನೇ ಸುತ್ತಿದವು. ಹೆಚ್ಚಿದ ಪ್ರತಿ ದಿನವೂ ಉಕ್ಕಿನ ಪೆಟ್ಟಿಗೆಯೊಳಗಿನ ಸರಕಿಗೆ ಇನ್ನೊಂದು ಹಗಲು, ಇನ್ನೊಂದು ರಾತ್ರಿ.

ನಷ್ಟ ಯಾರ ತಲೆಗೆ?

ಕಲ್ಕತ್ತೆಯ ಕೈಗವಸುಗಳ ಮೊಕದ್ದಮೆಯಲ್ಲಿ ಮೊದಲ ನ್ಯಾಯಾಲಯ ಸರಕಿನ ಒಡೆಯರ ಪರ ನಿಂತಿತು. ಹನಿ ಬಿದ್ದದ್ದು ಸೂರಿನಿಂದ. ಆದ್ದರಿಂದ ಅದು ಹೊರಗಿನಿಂದ ಬಂದ ಕಂಟಕ ಎಂಬುದು ಅಲ್ಲಿನ ತರ್ಕ. ಮೇಲ್ಮನವಿ ನ್ಯಾಯಾಲಯ 1990ರಲ್ಲಿ ಅದನ್ನು ತಿರುಗಿಸಿತು. ಸೂರಿಗೆ ಆ ನೀರು ಹೋದದ್ದು ಕೈಗವಸುಗಳಿಂದಲೇ ಅಲ್ಲವೆ? ತೇವದ ಸರಕು ಕಳಿಸಿದ್ದರಿಂದ ಆದ ಹಾನಿ ಸರಕಿನ ಸಹಜ ದೋಷ. ವಿಮೆಗಾರ ಅದಕ್ಕೆ ಹೊಣೆಯಲ್ಲ ಎಂದಿತು. ಭಾರತದ 1963ರ ಸಾಗರ ವಿಮಾ ಕಾಯ್ದೆಯೂ, ಪಾಲಿಸಿಯಲ್ಲಿ ಬೇರೆ ಮಾತಿಲ್ಲದಿದ್ದರೆ, ಸರಕಿನ ಸಹಜ ದೋಷದ ನಷ್ಟವನ್ನು ವಿಮೆಗಾರನ ಮೇಲೆ ಹೊರಿಸುವುದಿಲ್ಲ.

ಕಾಫಿಯದೇ ಒಂದು ಪ್ರಸಿದ್ಧ ಮೊಕದ್ದಮೆ ಬೇರೆ ದಾರಿ ಹಿಡಿಯಿತು. 2012ರಲ್ಲಿ ಕೊಲಂಬಿಯಾದ ಬ್ಯೂನವೆಂಚುರಾ ಬಂದರಿನಿಂದ ಉತ್ತರ ಜರ್ಮನಿಗೆ 20 ಕಂಟೇನರುಗಳಲ್ಲಿ ಕಾಫಿ ಹೊರಟಿತು. ಕಂಟೇನರಿನೊಳಗೆ ಕ್ರಾಫ್ಟ್ ಕಾಗದ ಹೊದಿಸಿ ಮೂಟೆ ತುಂಬಿಸಿದ್ದು ಹಡಗು ಸಂಸ್ಥೆಯ ಕಡೆಯವರು. 18 ಕಂಟೇನರುಗಳಲ್ಲಿ ಮೂಟೆಗಳು ನೆನೆದಿದ್ದವು. ಕಾಫಿ ಬೀಜದ ಗುಣವೇ ಹಾಗೆ, ನಾವೇನು ಮಾಡೋಣ ಎಂದು ಹಡಗಿನವರು ವಾದಿಸಿದರು. ಮೊದಲ ನ್ಯಾಯಾಲಯದಲ್ಲಿ ಸೋತು, ಮೇಲಿನದರಲ್ಲಿ ಗೆದ್ದು, ಕೊನೆಗೆ 2018ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಸೋತರು. ಕಾಫಿ ತೇವ ಬಿಡುತ್ತದೆಂದು ಗೊತ್ತಿದ್ದೇ ಒಯ್ಯುವವರು ತಕ್ಕ ಎಚ್ಚರ ವಹಿಸಿದ್ದೇವೆಂದು ತಾವೇ ಸಾಬೀತು ಮಾಡಬೇಕು. ಹೊದಿಸಿದ ಕಾಗದ ಸಾಕಷ್ಟು ದಪ್ಪವಿತ್ತೆಂದು ತೋರಿಸಲು ಅವರಿಗೆ ಆಗಿರಲಿಲ್ಲ.

ಒಂದರಲ್ಲಿ ಸರಕಿನ ಒಡೆಯ ಸೋತ, ಇನ್ನೊಂದರಲ್ಲಿ ಹಡಗಿನವನು. ಆದರೆ ಎರಡೂ ತೀರ್ಪುಗಳು ಬೆರಳು ತೋರಿದ್ದು ಒಂದೇ ಕಡೆಗೆ: ಹಡಗು ಹೊರಡುವ ಮುನ್ನ ನಡೆದ ಕೆಲಸದ ಕಡೆಗೆ.

ಕಾಪಾಡುವ ಬಗೆ

ಆ ಕೆಲಸಗಳಲ್ಲಿ ಯಾವುದೂ ರಾಕೆಟ್ ವಿಜ್ಞಾನವಲ್ಲ. ಮೊದಲು ಪೆಟ್ಟಿಗೆಯ ಪರೀಕ್ಷೆ. ಒಬ್ಬ ಕೆಲಸಗಾರ ಖಾಲಿ ಕಂಟೇನರಿನೊಳಗೆ ನಿಂತು ಬಾಗಿಲು ಹಾಕಿಸಿಕೊಳ್ಳುತ್ತಾನೆ. ಕತ್ತಲಲ್ಲಿ ಎಲ್ಲಿಯಾದರೂ ಬೆಳಕಿನ ಕಿರಣ ಕಂಡರೆ ಅಲ್ಲಿ ತೂತಿದೆ ಎಂದೇ ಅರ್ಥ. ಕಂಟೇನರಿನ ಮರದ ನೆಲವೂ ಒಣಗಿರಬೇಕು. ಬೆಳಿಗ್ಗೆ ತೊಳೆದು ಮಧ್ಯಾಹ್ನ ತುಂಬಿದರೆ ಆ ನೀರೂ ಪ್ರಯಾಣಿಕನೇ. ಸರಕಿನ ಕೆಳಗಿಡುವ ಹಸಿಮರದ ಹಲಗೆಗೂ ಇದೇ ಮಾತು.

ನಂತರ ಸೂರು ಮತ್ತು ಗೋಡೆಗಳಿಗೆ ದಪ್ಪ ಕ್ರಾಫ್ಟ್ ಕಾಗದದ ಅಥವಾ ರಟ್ಟಿನ ಹೊದಿಕೆ. ಬಿದ್ದ ಹನಿಯನ್ನು ಇದು ಹೀರಿಕೊಂಡು ಮೂಟೆಗೆ ತಾಗದಂತೆ ತಡೆಯುತ್ತದೆ. ಮೂಟೆಗಳು ಉಕ್ಕಿನ ಗೋಡೆಗೆ ಒರಗದಂತೆಯೂ ನೋಡಿಕೊಳ್ಳಬೇಕು.

ಮೂರನೆಯದು ತೇವ ಹೀರುವ ರಾಸಾಯನಿಕಗಳು. ಹೊಸ ಬೂಟಿನ ಡಬ್ಬಿಯಲ್ಲಿ ಸಿಗುವ ಪುಟ್ಟ ಪೊಟ್ಟಣದ ಸಿಲಿಕಾ ಜೆಲ್ ಇದೇ ಜಾತಿಯದು. ಕಂಟೇನರುಗಳಲ್ಲಿ ಹೆಚ್ಚಾಗಿ ಬಳಸುವುದು ಕ್ಯಾಲ್ಸಿಯಂ ಕ್ಲೋರೈಡ್. ಅದು ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಹೀರಬಲ್ಲದು. ಹೀರಿದ ಮೇಲೆ ಉಪ್ಪುನೀರು ಸೋರದಿರಲೆಂದು ಅದನ್ನು ಅಂಟಿನಂತೆ ಗಟ್ಟಿಯಾಗಿಸುವ ಪಟ್ಟಿಗಳಲ್ಲಿ ತುಂಬಿ ಗೋಡೆಯ ಮಡಿಕೆಗಳಲ್ಲಿ ತೂಗುಹಾಕುತ್ತಾರೆ. ಕಂಟೇನರನ್ನು ಬಿಸಿಲಿಗೆ ಸಿಗುವ ಮೇಲ್ಸಾಲಿನ ಬದಲು ಹಡಗಿನ ಒಡಲೊಳಗೆ ಇರಿಸಲು ಕೇಳಿಕೊಳ್ಳುವುದು, ಬಂದರು ತಲುಪಿದ ಕೂಡಲೇ ಬಿಡಿಸಿಕೊಳ್ಳುವುದು, ಸೆಣಬಿನ ಚೀಲದೊಳಗೆ ತೇವ ಆಡದ ಪ್ಲಾಸ್ಟಿಕ್ ಒಳಚೀಲ ಬಳಸುವುದು ಇವೂ ರೂಢಿಯಲ್ಲಿವೆ. ಒಳಚೀಲ ಹೊರಗಿನ ಹನಿಯನ್ನು ತಡೆಯುತ್ತದೆ ನಿಜ. ಆದರೆ ಹಸಿ ಬೀಜ ತುಂಬಿದರೆ ಒಳಗಿನ ತೇವವನ್ನೂ ಹೊರಬಿಡದು.

ಕಣದಲ್ಲೇ ತೀರ್ಮಾನ

ಇಲ್ಲಿಯೇ ಮತ್ತೊಂದು ಲೆಕ್ಕ ನೋಡಬೇಕು. 10 ಕಿಲೋ ಕ್ಯಾಲ್ಸಿಯಂ ಕ್ಲೋರೈಡ್ ಎರಡು ಕೊಡ ನೀರು ಹೀರಿತು ಎಂದೇ ಇಟ್ಟುಕೊಳ್ಳಿ. ಶೇ. 12ರ ಬದಲು ಶೇ. 13ರ ತೇವದಲ್ಲಿ ಕಾಫಿ ತುಂಬಿದ್ದರೆ ಹೆಚ್ಚುವರಿ ನೀರೇ ಹನ್ನೆರಡು ಕೊಡ! ಹಸಿ ಸರಕನ್ನು ಯಾವ ಪೊಟ್ಟಣವೂ ಒಣಗಿಸಿಕೊಡಲಾರದು. ಕಾಗದ, ಪಟ್ಟಿ, ಒಳಚೀಲ ಎಲ್ಲವೂ ಚೆನ್ನಾಗಿ ಒಣಗಿದ ಸರಕಿಗೆ ಕೊಡೆ ಹಿಡಿಯುತ್ತವೆಯೇ ಹೊರತು ಕಣದ ಕೆಲಸವನ್ನು ಮಾಡುವುದಿಲ್ಲ.

ಆದ್ದರಿಂದ ಹ್ಯಾಂಬರ್ಗಿನ ಬಂದರಿನಲ್ಲಿ ಮೂಟೆ ಹೇಗಿರುತ್ತದೆ ಎಂಬುದರ ಬಹುಪಾಲು ತೀರ್ಮಾನ ಮೂಡಿಗೆರೆಯ, ಸಕಲೇಶಪುರದ, ಮಡಿಕೇರಿಯ ಕಣಗಳಲ್ಲೇ ಆಗಿಹೋಗಿರುತ್ತದೆ. ಬೀಜವನ್ನು ತೆಳುವಾಗಿ ಹರಡುವುದು, ದಿನಕ್ಕೆ ಹಲವು ಬಾರಿ ಕೈಯಾಡಿಸುವುದು, ಸಂಜೆ ಇಬ್ಬನಿ ಬೀಳುವ ಮುನ್ನ ರಾಶಿಮಾಡಿ ಮುಚ್ಚುವುದು, ಒಂದೇ ಅಳತೆಯ ಪಾತ್ರೆಯಲ್ಲಿ ತೂಗಿದಾಗ ತೂಕ ಒಂದೇ ಸಮನೆ ನಿಲ್ಲುವವರೆಗೆ ಕಾಯುವುದು ಇವು ಹಳಬರಿಗೆ ಗೊತ್ತಿದ್ದ ಕ್ರಮಗಳೇ. ತೇವಾಂಶ ಅಳೆಯುವ ಯಂತ್ರ ಬಂದ ಮೇಲೆ ಊಹೆ ಕಡಿಮೆಯಾಗಿದೆ. ಕಷ್ಟ ಎದುರಾಗುವುದು ಒಣಗಿಸುವ ಹೊತ್ತಿನಲ್ಲೇ ಅಕಾಲಿಕ ಮಳೆ ಹಿಡಿದುಕೊಂಡಾಗ, ಇಲ್ಲವೇ ಬೆಲೆ ಏರಿದೆಯೆಂದು ಅವಸರದಲ್ಲಿ ಮೂಟೆ ಕಟ್ಟಿದಾಗ. ಬೀಜ ಹಸಿಯಿದ್ದರೆ ತೂಕ ಹೆಚ್ಚು ಬರುತ್ತದೆ ಎಂಬ ಆಸೆಯೂ ಒಮ್ಮೊಮ್ಮೆ ಕಾಡುತ್ತದೆ. ಆ ಹೆಚ್ಚುವರಿ ತೂಕವೇ ಸಾವಿರಾರು ಮೈಲಿ ಆಚೆ ಮಳೆಯಾಗಿ ಸುರಿಯುತ್ತದೆ.

ವಿಜ್ಞಾನ ಓದುವ ಮಕ್ಕಳಿಗೆ ಇಲ್ಲಿ ಕೆಲಸಕ್ಕೂ ಅವಕಾಶವಿದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ., ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಮುಂಬಯಿಯಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆಗಳಂಥ ಕಡೆ ಆಹಾರವನ್ನು ಕೆಡದಂತೆ ಇಡುವ, ಕಟ್ಟುವ, ಕಳಿಸುವ ವಿಷಯಗಳೇ ಅಧ್ಯಯನದ ವಸ್ತು. ಬಂದರುಗಳಲ್ಲಿ ಸರಕು ತಪಾಸಣೆ ಮಾಡುವ ಸರ್ವೇಯರುಗಳಿಗೂ ಬೇಕಾದದ್ದು ಹೈಸ್ಕೂಲಿನಲ್ಲಿ ಕಲಿತ ಅದೇ ಭೌತಶಾಸ್ತ್ರ: ಆವಿಯಾಗುವಿಕೆ, ಹನಿಗಟ್ಟುವಿಕೆ, ಇಬ್ಬನಿ ಬಿಂದು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಬಂದರಿನಲ್ಲಿ 18 ಟನ್ ಕಾಫಿಯ ಬೆಲೆ.

ಮನೆಯಲ್ಲೇ ಮಾಡಿ ನೋಡಿ

ಲೋಹದ ಮುಚ್ಚಳವಿರುವ, ಒಂದೇ ಅಳತೆಯ ಎರಡು ಗಾಜಿನ ಭರಣಿಗಳನ್ನು ತೆಗೆದುಕೊಳ್ಳಿ. ಎರಡು ದಿನ ಬಿಸಿಲಿನಲ್ಲಿ ಒಣಗಿಸಿದ ಅಕ್ಕಿಯನ್ನು ಒಂದರಲ್ಲಿ ಅರ್ಧದವರೆಗೆ ತುಂಬಿ. ಅಷ್ಟೇ ಅಕ್ಕಿಗೆ ಒಂದು ಚಮಚ ನೀರು ಚಿಮುಕಿಸಿ, ಕೈಗೆ ಒದ್ದೆ ಹತ್ತದಂತೆ ಚೆನ್ನಾಗಿ ಬೆರೆಸಿ ಇನ್ನೊಂದಕ್ಕೆ ತುಂಬಿ. ಎರಡಕ್ಕೂ ಬಿಗಿಯಾಗಿ ಮುಚ್ಚಳ ಹಾಕಿ ಎರಡು ಗಂಟೆ ಬಿಸಿಲಿನಲ್ಲಿಡಿ. ನಂತರ ನೆರಳಿಗೆ ತಂದು, ಮುಚ್ಚಳಗಳ ಮೇಲೆ ಮಂಜುಗಡ್ಡೆ ತುಂಬಿದ ಸ್ಟೀಲ್ ಬಟ್ಟಲುಗಳನ್ನಿಟ್ಟು ಅರ್ಧ ಗಂಟೆ ಬಿಡಿ. ಮುಚ್ಚಳ ತೆರೆದು ಒಳಮೈಯನ್ನು ಬೆರಳಿನಿಂದ ಮುಟ್ಟಿ ನೋಡಿ. ಯಾವುದರಲ್ಲಿ ಹನಿ ಹೆಚ್ಚು? ಬಿಸಿಲಿಗಿಡುವ ಮುನ್ನ ಎರಡೂ ಅಕ್ಕಿ ಕೈಗೆ ಒಣಗಿದಂತೆಯೇ ಇದ್ದವು ಎಂಬುದನ್ನು ಮರೆಯಬೇಡಿ. ಪ್ರಯೋಗ ಮುಗಿದ ಮೇಲೆ ಚಿಮುಕಿಸಿದ ಅಕ್ಕಿಯನ್ನು ಅಂದೇ ಅಡುಗೆಗೆ ಬಳಸಿ; ಹಾಗೇ ಮುಚ್ಚಿಟ್ಟರೆ ಬೂಸ್ಟು ಬಂದೀತು.